ಸ್ತನದ ಗಂಟಿಗೂ ಕಂಕುಳಿನ ಊತಕ್ಕೂ ಮೊದಲು ಯಾವ ಸ್ಕ್ಯಾನ್?

ಸ್ತನದಲ್ಲಿ ಗಂಟು, ಅದೇ ಬದಿಯ ಕಂಕುಳಿನಲ್ಲಿ ಊತ ಕಂಡಿರುವ 28 ವರ್ಷದ ತಂಗಿಗೆ ನೇರವಾಗಿ ಎಂಆರ್‌ಐ ಮಾಡಿಸಬಹುದೇ ಎಂದು ಕೇಳಿದ್ದೀರಿ. ಮೊದಲು ಅಲ್ಟ್ರಾಸೌಂಡ್ ಮಾಡಿಸುವುದು ಸರಿ. ಈ ವಯಸ್ಸಿನಲ್ಲಿ ಸ್ತನದ ಅಂಗಾಂಶ ಸಾಮಾನ್ಯವಾಗಿ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಂನಲ್ಲಿ (ಸ್ತನದ ಎಕ್ಸ್-ರೇ) ಅದೂ ಬಿಳಿ, ಗಂಟೂ ಬಿಳಿಯಾಗಿ ಕಂಡು ಗಂಟು ಮರೆಯಾಗಿಬಿಡಬಹುದು. 40 ದಾಟಿದವರಿಗಾದರೆ ಮ್ಯಾಮೊಗ್ರಾಂ ಮೊದಲು, ಜೊತೆಗೆ ಅಲ್ಟ್ರಾಸೌಂಡ್.

ಕಂಕುಳನ್ನೂ ಅದೇ ಸಲ ನೋಡುವಂತೆ ಕೇಳಿಕೊಳ್ಳಿ. ಅಲ್ಲಿರುವ ಸಹಜವಾದ ದುಗ್ಧಗ್ರಂಥಿ (ಲಿಂಫ್ ನೋಡ್, ಹಾಲಿನ ಗ್ರಂಥಿಯಲ್ಲ) ಅವರೆಕಾಳಿನ ಆಕಾರದಲ್ಲಿದ್ದು, ನಡುವೆ ಕೊಬ್ಬಿನ ಬಿಳಿ ತಿರುಳು ಕಾಣುತ್ತದೆ. ಆ ತಿರುಳು ಅಳಿಸಿಹೋಗಿದ್ದರೆ ಅಥವಾ ಹೊರಪದರ 3 ಮಿ.ಮೀ.ಗಿಂತ ದಪ್ಪವಾಗಿದ್ದರೆ ಕ್ಯಾನ್ಸರ್ ಅನುಮಾನಕ್ಕೆ ಕಾರಣವಿದೆ. ಸೋಂಕಿನಿಂದಲೂ ಗ್ರಂಥಿ ಊದಿಕೊಳ್ಳುವುದುಂಟು. ಹಾಗಾಗಿ ಅನುಮಾನ ಬಂದಲ್ಲಿ ಸೂಜಿ ಬಯಾಪ್ಸಿಯೇ (ಸೂಜಿಯಿಂದ ಅಂಗಾಂಶದ ತುಣುಕು ತೆಗೆದು ಪರೀಕ್ಷಿಸುವುದು) ನಿರ್ಣಾಯಕ. ಎಂಆರ್‌ಐ ಹೆಚ್ಚಾಗಿ ಬೇಕಾಗುವುದು ಕ್ಯಾನ್ಸರ್ ಖಚಿತವಾದ ಮೇಲೆ ಅದರ ವ್ಯಾಪ್ತಿ ಅಳೆಯಲು, ಇಲ್ಲವೇ ಬಿಆರ್‌ಸಿಎ (ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿಸುವ) ವಂಶವಾಹಿ ದೋಷವಿರುವವರ ನಿಯತ ತಪಾಸಣೆಗೆ. ವರದಿ ಸಹಜವೆಂದಿದ್ದರೂ ಗಂಟು ಕೈಗೆ ತಾಗುತ್ತಲೇ ಇದ್ದರೆ ಶಸ್ತ್ರಚಿಕಿತ್ಸಕರಿಗೆ ತೋರಿಸದೆ ಬಿಡಬೇಡಿ.