ವಸಡು ಶುಚಿ ಮಾಡಿಸಿದರೆ ಹೃದಯಾಘಾತ ತಪ್ಪುತ್ತದೆಯೇ?

ವಸಡು ಮತ್ತು ಹೃದಯದ ನಂಟಿನ ಬಗ್ಗೆ ಒಂದೇ ಪ್ರಶ್ನೆ ನಾನಾ ರೂಪಗಳಲ್ಲಿ ಬರುತ್ತಲೇ ಇದೆ; ಅರ್ಧ ಸತ್ಯವನ್ನು ಪೂರ್ತಿ ಸತ್ಯವೆಂದು ಮಾರುವವರು ಹೆಚ್ಚಿರುವುದರಿಂದ ಇನ್ನು ಸುಮ್ಮನಿರಲಾರೆ. ಹಲ್ಲುಜ್ಜುವುದು ಹೇಗೆಂದು ಮಾತ್ರ ಇಲ್ಲಿ ಕೇಳಬೇಡಿ.

ಪ್ರಶ್ನೆ: ನನ್ನ ವಸಡಿನಿಂದ ಆಗಾಗ ರಕ್ತ ಬರುತ್ತದೆ. ವಸಡಿನ ರೋಗದಿಂದ ರಕ್ತನಾಳ ಕಟ್ಟಿಕೊಳ್ಳುತ್ತದೆ ಎಂದು ಓದಿದೆ. ಚಿಕಿತ್ಸೆ ಪಡೆದರೆ ಹೃದಯಾಘಾತ ತಪ್ಪುತ್ತದೆಯೇ? ಕೊಲೆಸ್ಟೆರಾಲ್ ಮಾತ್ರೆ ನಿಲ್ಲಿಸಬಹುದೇ?

ಮಾತ್ರೆಯನ್ನು ನಿಲ್ಲಿಸಕೂಡದು. ಉಳಿದದ್ದಕ್ಕೆ ಉತ್ತರ ಅಷ್ಟು ಸರಳವಲ್ಲ.

ಆರೋಗ್ಯವಂತ ವಸಡಿನಲ್ಲಿ ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳ 1ರಿಂದ 3 ಮಿಲಿಮೀಟರ್. ರೋಗ ಬಲಿತವರಲ್ಲಿ ಅಳತೆಯ ಗೆರೆಗಳಿರುವ ಸಣ್ಣ ಸಲಾಕೆ ಆರೇಳು ಮಿಲಿಮೀಟರ್‌ವರೆಗೆ ತಡೆಯಿಲ್ಲದೆ ಇಳಿಯುತ್ತದೆ, ಹೊರತೆಗೆದ ಕೆಲವೇ ಕ್ಷಣಗಳಲ್ಲಿ ಆ ಜಾಗದಲ್ಲಿ ರಕ್ತದ ಹನಿ ಮೂಡುತ್ತದೆ. ಆ ಸಂದಿಯ ಒಳಗೋಡೆ ಹುಣ್ಣಾಗಿರುವುದರಿಂದ ಅಗಿಯುವಾಗಲೂ ಹಲ್ಲುಜ್ಜುವಾಗಲೂ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಸೇರುತ್ತವೆ. ಜೊತೆಗೆ ಉರಿಯೂತದ ಸಂಕೇತಗಳು ಯಕೃತ್ತನ್ನು ತಲುಪಿ ಉರಿಯೂತವನ್ನು ಸೂಚಿಸುವ ಸಿ-ರಿಯಾಕ್ಟಿವ್ ಪ್ರೋಟೀನಿನ ಪ್ರಮಾಣ ರಕ್ತದಲ್ಲಿ ಏರುತ್ತದೆ. ಧಮನಿಗಳಲ್ಲಿ ಕಟ್ಟಿದ ಕೊಬ್ಬಿನ ಪದರದಲ್ಲಿ ವಸಡಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಸಿಕ್ಕಿರುವುದೂ ನಿಜ. ಆದರೆ ಸಿಕ್ಕಿದೆ ಎಂದ ಮಾತ್ರಕ್ಕೆ ಆ ಪದರವನ್ನು ಕಟ್ಟಿದ್ದು ಅವೇ ಎಂದಾಗುವುದಿಲ್ಲ.

ಚಿಕಿತ್ಸೆಯ ಪರಿಣಾಮದ ಬಗ್ಗೆ ನಾನು ಹೆಚ್ಚು ನೆಚ್ಚುವುದು 2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಪ್ರಯೋಗವನ್ನು. ತೀವ್ರ ವಸಡು ರೋಗವಿದ್ದ 120 ಮಂದಿಯಲ್ಲಿ ಒಂದು ಗುಂಪಿಗೆ ಆಳವಾದ ಚಿಕಿತ್ಸೆಯನ್ನೂ ಇನ್ನೊಂದು ಗುಂಪಿಗೆ ಸಾಮಾನ್ಯ ಶುಚಿಯನ್ನೂ ಮಾಡಿ, ರಕ್ತದ ಹರಿವು ಹೆಚ್ಚಿದಾಗ ತೋಳಿನ ಧಮನಿ ಎಷ್ಟು ಹಿಗ್ಗುತ್ತದೆ ಎಂದು ಅಳೆಯಲಾಯಿತು. ಆಳವಾದ ಚಿಕಿತ್ಸೆ ಪಡೆದವರಲ್ಲಿ ಆ ಶಕ್ತಿ ಮೊದಲ 24 ಗಂಟೆಯಲ್ಲಿ ಕುಗ್ಗಿತು, ಆರು ತಿಂಗಳಾಗುವಾಗ ಇನ್ನೊಂದು ಗುಂಪಿಗಿಂತ ಉತ್ತಮವಾಗಿತ್ತು. ಪ್ರಚಾರಕರು ಎರಡನೆಯ ಭಾಗವನ್ನಷ್ಟೇ ಓದುತ್ತಾರೆ. ನಾನು ಮೊದಲನೆಯದನ್ನೂ ಓದುವುದರಿಂದ, ಇತ್ತೀಚೆಗೆ ಹೃದಯಾಘಾತವಾದವರ ಇಡೀ ಬಾಯಿಯನ್ನು ಒಂದೇ ದಿನದಲ್ಲಿ ಮುಗಿಸುವ ಆತುರಕ್ಕೆ ಒಪ್ಪುವುದಿಲ್ಲ. ಇದು ಅತಿ ಎಚ್ಚರಿಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ, ಇರಲಿ.

ಧಮನಿ ಚೆನ್ನಾಗಿ ಹಿಗ್ಗುವುದು ಬೇರೆ, ಹೃದಯಾಘಾತ ತಪ್ಪುವುದು ಬೇರೆ. ವಸಡು ರೋಗಕ್ಕೂ ರಕ್ತನಾಳ ರೋಗಕ್ಕೂ ಸಂಬಂಧವಿದೆ, ಆದರೆ ಒಂದು ಇನ್ನೊಂದಕ್ಕೆ ಕಾರಣವೆಂದಾಗಲಿ, ವಸಡಿನ ಚಿಕಿತ್ಸೆ ರಕ್ತನಾಳ ರೋಗವನ್ನು ತಡೆಯುತ್ತದೆಂದಾಗಲಿ ಪುರಾವೆಯಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿತು. ಧೂಮಪಾನ, ಮಧುಮೇಹ ಮತ್ತು ವಯಸ್ಸು ಎರಡೂ ಕಡೆ ಕೈಯಾಡಿಸುವುದರಿಂದ ಗೋಜಲು ಬಿಡಿಸುವುದು ಸುಲಭವಲ್ಲ. ಧೂಮಪಾನಿಗಳ ವಸಡು ರೋಗ ಬಲಿತಿದ್ದರೂ ಕಡಿಮೆ ರಕ್ತ ಸುರಿಸುತ್ತದೆ, ಆದ್ದರಿಂದ "ನನಗೆ ರಕ್ತವೇ ಬರುವುದಿಲ್ಲ" ಎನ್ನುವ ಧೂಮಪಾನಿಯ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಹಾಗಾದರೆ ಚಿಕಿತ್ಸೆ ಏಕೆ? ಹಲ್ಲು ಉಳಿಯಲಿ ಎಂದು, ಮಧುಮೇಹಿಗಳಲ್ಲಿ ಸಕ್ಕರೆಯ ಹತೋಟಿ ತುಸು ಸುಧಾರಿಸಲಿ ಎಂದು. ಅಷ್ಟು ಸಾಲದೆ?

ಪ್ರಶ್ನೆ: ಬ್ಯಾಕ್ಟೀರಿಯಾವೇ ಕಾರಣವಾದರೆ ಆ್ಯಂಟಿಬಯಾಟಿಕ್ ನುಂಗಿದರೆ ಸಾಲದೇ?

ಬೇರೊಂದು ಬ್ಯಾಕ್ಟೀರಿಯಾವನ್ನು ಶಂಕಿಸಿ ಹೃದ್ರೋಗಿಗಳಿಗೆ ವರ್ಷವಿಡೀ ಅಜಿತ್ರೋಮೈಸಿನ್ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲೂ ಪ್ರಯೋಜನವಾಗಲಿಲ್ಲ, ನೀವಾಗಿ ನುಂಗಬೇಡಿ.

ಪ್ರಶ್ನೆ: ರಕ್ತನಾಳ ಶುದ್ಧಿ ಮಾಡುವ ಹಲ್ಲಿನ ಪುಡಿಯ ಜಾಹೀರಾತು ನಂಬಬಹುದೇ?

ಅದು ಮೋಸ.

ಪ್ರಶ್ನೆ: ಸ್ಕೇಲಿಂಗ್‌ನಿಂದ (ಹಲ್ಲಿಗೆ ಅಂಟಿದ ಗಟ್ಟಿ ಕೊಳೆಯನ್ನು ಕೆರೆದು ತೆಗೆಯುವುದರಿಂದ) ಹಲ್ಲು ಅಲುಗಾಡುವುದಿಲ್ಲವೇ?

ಅಲುಗಾಡಿಸಿದ್ದು ಮೂಳೆಯನ್ನು ಕರಗಿಸಿದ ರೋಗ. ಟಾರ್ಟರ್, ಅಂದರೆ ಆ ಗಟ್ಟಿ ಕೊಳೆ, ಅದನ್ನು ಮರೆಮಾಚಿತ್ತು, ಅಷ್ಟೆ.

ಪ್ರಶ್ನೆ: ರಕ್ತ ಹೆಪ್ಪುಗಟ್ಟದಿರಲೆಂದು ನುಂಗುವ ಆಸ್ಪಿರಿನ್ ನಿಲ್ಲಿಸಿ ವಸಡಿನ ಚಿಕಿತ್ಸೆಗೆ ಬರಬೇಕೇ?

ಬೇಡ. ವಸಡಿನ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಹುದು, ಸ್ಟೆಂಟ್‌ನಲ್ಲಿ (ಹೃದಯದ ಧಮನಿಯನ್ನು ತೆರೆದಿಡಲು ಒಳಗಿಟ್ಟ ಜಾಲರಿ ಕೊಳವೆಯಲ್ಲಿ) ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು.

ಪ್ರಶ್ನೆ: ರಕ್ತದೊತ್ತಡಕ್ಕೆ ಆಮ್ಲೊಡಿಪಿನ್ ತೆಗೆದುಕೊಳ್ಳುತ್ತಿದ್ದೇನೆ. ವಸಡು ಬೆಳೆದು ಹಲ್ಲನ್ನು ಮುಚ್ಚುತ್ತಿದೆ. ಏಕೆ?

ಆ ಔಷಧದಿಂದ ಕೆಲವರಲ್ಲಿ ಹೀಗಾಗುತ್ತದೆ, ಹಲ್ಲಿನ ಮೇಲೆ ಕೊಳೆ ನಿಂತರೆ ಇನ್ನೂ ಹೆಚ್ಚುತ್ತದೆ. ಔಷಧ ಬದಲಿಸುವುದು ಅದನ್ನು ಬರೆದುಕೊಟ್ಟ ವೈದ್ಯರ ಕೆಲಸ. ನನ್ನ ಪತ್ರವನ್ನು ಅವರಿಗೆ ತೋರಿಸಿ, ಅಲ್ಲಿಯವರೆಗೆ ಒಂದು ಮಾತ್ರೆಯನ್ನೂ ತಪ್ಪಿಸಬೇಡಿ.