ಹೊಲದ ಸೆನ್ಸರ್‌ಗಳಿಗೆ ಮಿಡಲ್‌ವೇರ್, ಏಜೆಂಟ್ ಯಾಕೆ ಬೇಕು?

ಬ್ಯಾಡಗಿ ಹತ್ತಿರದ ಮೆಣಸಿನಕಾಯಿ ಹೊಲದಲ್ಲಿ ಮಣ್ಣಿನ ತೇವ ಅಳೆಯುವ 30 ಸೆನ್ಸರ್ ಇವೆ ಅಂದುಕೊಳ್ಳಿ. ಒಂದೊಂದು ಒಂದೊಂದು ಕಂಪನಿಯದು, ಲೆಕ್ಕ ಕೊಡುವ ರೀತಿಯೂ ಬೇರೆ. ಇವಕ್ಕೂ ನಿಮ್ಮ ಆ್ಯಪ್‌ಗೂ ನಡುವೆ ನಿಂತು ಮಾತು ಹೊಂದಿಸುವ ಸಾಫ್ಟ್‌ವೇರೇ ಮಿಡಲ್‌ವೇರ್. ಮಾರ್ಕೆಟ್‌ನ ದಲಾಲರ ಹಾಗೆ, ಕಮಿಷನ್ ಇಲ್ಲ ಅಷ್ಟೆ! ಇಂಥ ಸಾಧನಗಳು ಸಂದೇಶ ಕಳಿಸಲು ಬಳಸುವ, 1999ರಲ್ಲಿ ಹುಟ್ಟಿದ ಎಂಕ್ಯೂಟಿಟಿ (MQTT) ಎಂಬ ಪದ್ಧತಿಯಲ್ಲೂ ನಡುವೆ ನಿಂತು ಸಂದೇಶ ದಾಟಿಸುವುದಕ್ಕೆ ‘ಬ್ರೋಕರ್’ ಅಂತಲೇ ಹೆಸರು.

ಏಜೆಂಟ್ ಅಂದರೆ ಸೆನ್ಸರ್‌ನೊಳಗೇ ಕೂತು ತಾನೇ ತೀರ್ಮಾನ ಮಾಡುವ ಸಣ್ಣ ಪ್ರೋಗ್ರಾಂ. ಇದರ ಅಸಲಿ ಲಾಭ ಬ್ಯಾಟರಿಗೆ. ಸೆನ್ಸರ್‌ನಲ್ಲಿ ಲೆಕ್ಕ ಮಾಡುವುದಕ್ಕಿಂತ ರೇಡಿಯೋದಲ್ಲಿ ಕಳಿಸುವುದಕ್ಕೇ ಚಾರ್ಜ್ ಜಾಸ್ತಿ ಬೇಕು. ಹಾಗಾಗಿ ಸುಮ್ನೆ ಎಲ್ಲ ಅಂಕಿ ಕಳಿಸುವುದಿಲ್ಲ. ಏಜೆಂಟ್ ಅಕ್ಕಪಕ್ಕದ ಸೆನ್ಸರ್‌ಗಳನ್ನು ವಿಚಾರಿಸಿ, ‘ಈ ಸಾಲು ಒಣಗಿದೆ’ ಅಂತ ಒಂದೇ ಮಾತು ತಿಳಿಸುತ್ತದೆ. ಅಗಿಲ್ಲಾ ಎಂಬ ಮಿಡಲ್‌ವೇರ್‌ನಲ್ಲಂತೂ ಏಜೆಂಟೇ ಒಂದು ಸೆನ್ಸರ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ.

ನಾಲ್ಕೇ ಸೆನ್ಸರ್ ಇದ್ದರೆ ಇದೆಲ್ಲ ಬೇಡ ಬಿಡಿ.