ಬಚ್ಚಲಿನ ಬೂಷ್ಟು, ಅಣಬೆಯ ಇಟ್ಟಿಗೆ

ಪತ್ರ: ‘ನಾಳೆಯ ಬೆಂಗಳೂರಿಗೆ ಅಣಬೆಯ ಮನೆ’ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಬಚ್ಚಲ ಗೋಡೆಯ ಬೂಷ್ಟು ಕೆರೆದು ಕೆರೆದು ನನಗೆ ಸಾಕಾಗಿದೆ. ಅದರಲ್ಲೇ ಮನೆ ಕಟ್ಟಬೇಕೆ? ನಮ್ಮೂರ ಮಳೆ ನೋಡಿದ್ದೀರಾ?
– ಓದುಗರೊಬ್ಬರು, ಮಲ್ಲೇಶ್ವರ

ಸಂಪಾದಕರ ಉತ್ತರ:

ಮಾನ್ಯರೇ, ತಲೆಬರಹ ನನ್ನದು, ತಪ್ಪೂ ನನ್ನದೇ. ಹುಲ್ಲು, ಮರದ ಪುಡಿಯಲ್ಲಿ ಅಣಬೆಯ ಎಳೆ ಹಬ್ಬಿಸಿ ಮಾಡುವ ಅಣಬೆಯ ಇಟ್ಟಿಗೆ ಮಹಡಿಯ ಭಾರ ಹೊರುವುದಿಲ್ಲ. ಕಾಂಕ್ರೀಟಿನ ಬಲದಲ್ಲಿ ನೂರರಲ್ಲೊಂದು ಪಾಲು ಇದ್ದರೆ ಹೆಚ್ಚು. 2014ರಲ್ಲಿ ವಾಸ್ತುಶಿಲ್ಪಿ ಡೇವಿಡ್ ಬೆಂಜಮಿನ್ ಅವರ ತಂಡ ನ್ಯೂಯಾರ್ಕಿನಲ್ಲಿ ಇಂಥ ಸುಮಾರು 10,000 ಇಟ್ಟಿಗೆ ಜೋಡಿಸಿ ‘ಹೈ-ಫೈ’ ಗೋಪುರ ಎಬ್ಬಿಸಿದ್ದು ನಿಜ. ಆದರೆ ಅದು ಒಂದು ಬೇಸಿಗೆಯ ಮಟ್ಟಿಗೆ ನಿಂತದ್ದು. ಆಮೇಲೆ ಬಿಚ್ಚಿ ಗೊಬ್ಬರಕ್ಕೆ ಹಾಕಿದರು.

ಬೂಷ್ಟಿನ ವಿಷಯಕ್ಕೆ ಬರೋಣ. ನಮ್ಮ ಮನೆಯಲ್ಲಿ ಚಿಪ್ಪಣಬೆಯ ಚೀಲವೊಂದಿತ್ತು. ಹುಲ್ಲು ಬೇಯಿಸಿ, ನೀರು ಬಸಿದು, ನಡುನಡುವೆ ಅಣಬೆ ಬೀಜ ಉದುರಿಸಿ ಕಟ್ಟಿದ್ದೆವು. ಮೂರು ಸಲ ಕೊಯ್ದ ಮೇಲೆ ಪ್ಲಾಸ್ಟಿಕ್ ಸುಲಿದರೆ ಹುಲ್ಲು ಉದುರಲೇ ಇಲ್ಲ. ಬಿಳಿ ಎಳೆಗಳು ಕಡ್ಡಿಕಡ್ಡಿಗೂ ಸುತ್ತಿಕೊಂಡು ಇಡೀ ಚೀಲ ಹಳೇ ದಿಂಬಿನಂತೆ ಒಂದೇ ಮುದ್ದೆ. ಮುರಿಯಲು ಮೊಣಕಾಲು ಬೇಕಾಯಿತು! ಇಟ್ಟಿಗೆಯದೂ ಇದೇ ಕಸುಬು. ಹುಲ್ಲಿನ ಬದಲು ಅಚ್ಚಿಗೆ ಮರದ ಪುಡಿಯನ್ನೂ ತುಂಬಬಹುದು. ಎಳೆ ಹಬ್ಬಿದ ಮೇಲೆ ಬಿಸಿಯಲ್ಲಿ ಒಣಗಿಸುತ್ತಾರೆ, ಶಿಲೀಂಧ್ರ ಅಲ್ಲಿಗೆ ಸಾಯುತ್ತದೆ. ನಿಮ್ಮ ಗೋಡೆಯದು ಜೀವಂತ, ಇದು ಸತ್ತದ್ದು. ಆದರೂ ಮಳೆಯ ಮಾತು ನೀವು ಹೇಳಿದ್ದೇ ಸರಿ: ನೀರು ಕುಡಿದರೆ ಇದಕ್ಕೂ ಹೊಸ ಬೂಷ್ಟು ಬರುತ್ತದೆ. ಹೊರಗೋಡೆಗೂ ಬಚ್ಚಲಿಗೂ ಬೇಡ.

ಹಾಗಾದರೆ ಎಲ್ಲಿಗೆ? ಹೊರವರ್ತುಲ ರಸ್ತೆಯ ಆಫೀಸುಗಳಿಗೆ. ಬಾಡಿಗೆದಾರ ಬದಲಾದಾಗ ಗಟ್ಟಿಮುಟ್ಟಾದ ಫಾಲ್ಸ್ ಸೀಲಿಂಗು, ಪಾರ್ಟಿಷನ್ನು ಎಲ್ಲ ಒಡೆದು ಟೆಂಪೋಗೆ ತುಂಬುವುದನ್ನು ನೋಡಿದ್ದೇನೆ. ಹೇಗೂ ಕೆಲವೇ ವರ್ಷ ಬಾಳುವ, ಮಳೆ ಕಾಣದ ಜಾಗ. ಸದ್ದು ಹೀರುವ ಹಲಗೆಗೆ, ಥರ್ಮೋಕೋಲ್ ಬದಲಿಗೆ ಅಣಬೆ ಅಲ್ಲಿ ಒಗ್ಗುತ್ತದೆ. ರಾಗಿ ಹುಲ್ಲಿನಲ್ಲೇ ಮಾಡೋಣ ಎಂದು ನಮ್ಮ ಲೇಖಕರು ಹುರುಪಿನಿಂದ ಬರೆದಿದ್ದರು. ನಾನು ಒಪ್ಪಲಾರೆ. ಅದು ದನದ ಮೇವು. ಸಾಮಿಲ್ಲಿನ ಪುಡಿ, ಜೋಳದ ದಿಂಡು ಸಾಲದೆ?

ಚೀಲ ಕಟ್ಟಿ ನೋಡುವ ಮನಸ್ಸಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬೀಜ ಕೇಳಿ. ಬಚ್ಚಲಿಗೆ ಮಾತ್ರ, ಬಣ್ಣ ಹೊಡೆಸುವ ಮೊದಲು ಗೋಡೆಯೊಳಗೆ ಪೈಪು ಸೋರುತ್ತಿದೆಯೇ ನೋಡಿಸಿ.